ಕಹಿಯಕ್ಕನ ಹುಸಿ ಕಷಾಯ

ತೇಗು ಕೇಳಿಸಿದ್ದು ಊಟದ ಹೊತ್ತು ಕಳೆದ ಮೇಲೆ. ಆಸ್ಪತ್ರೆಯ ಹಿಂಬದಿಯ ಉದ್ದನೆಯ ಓಣಿಯಲ್ಲಿ ಹುಟ್ಟಿ, ಈ ಗೋಡೆಗೂ ಆ ಗೋಡೆಗೂ ತಾಗುತ್ತ, ಔಷಧದ ಅಡುಗೆಮನೆಯ ಬಾಗಿಲವರೆಗೆ ಉರುಳಿಕೊಂಡು ಬಂತು. ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದ ಕಹಿಯಕ್ಕ ಕದಡುವುದನ್ನು ನಿಲ್ಲಿಸಿದಳು. ಅದು ತಮ್ಮನ ತೇಗು. ಚಿಕ್ಕಂದಿನಿಂದ ಕೇಳಿದ್ದು.

ತೇಗಿನ ಹಿಂದೆಯೇ ತಮ್ಮನೂ ಬಂದ. ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೆರಳ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು.

"ಅಕ್ಕ, ಬೆಳಿಗ್ಗೆ ನಾನು ಕುಡಿದದ್ದು ಅಸಲಿ."

"ಕುಡಿದಾಗ ಗೊತ್ತಾಗಲ್ಲ ಅಂದೆಯಲ್ಲೋ."

"ಆಗ ಗೊತ್ತಾಗಲಿಲ್ಲ. ಈಗ ತೇಗಿದೆ, ಬಜೆ ಬೇರಿನ ವಾಸನೆ ಮೇಲೆ ಬಂತು. ನಾಲಿಗೆಗೆ ಮೋಸ ಮಾಡಿದೆ ನೀನು. ಹೊಟ್ಟೆ ಕೇಳಬೇಕಲ್ಲ."

ಕಹಿಯಕ್ಕ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು ಮಣೆಯ ಮೇಲೆ ಕುಸಿದು ಕೂತಳು.

ಅವಳಿಗೆ ಆ ಹೆಸರು ಬಂದದ್ದು ಮಾತಿನಿಂದಲ್ಲ, ಮೈಗೆ ಅಂಟಿದ ವಾಸನೆಯಿಂದ. ಹುಡುಗಿಯಾಗಿದ್ದಾಗ ಈ ಅಡುಗೆಮನೆ ಸೇರಿದವಳು ಬೇರು ಜಜ್ಜುತ್ತ, ಎಲೆ ಕುದಿಸುತ್ತ, ಕಷಾಯ ಸೋಸುತ್ತ ತಲೆ ನರೆಸಿಕೊಂಡಳು. ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. "ಒಳ್ಳೇದೇ ಆಯ್ತು, ಚೀಲಕ್ಕೂ ಒಂದು ಸೀಟು ಸಿಗುತ್ತೆ" ಎಂದು ನಗುತ್ತಿದ್ದಳು.

ಇಂಥವಳ ಹತ್ತಿರ ಡಾಕ್ಟರಮ್ಮ ಒಂದು ವಿಚಿತ್ರ ಕೆಲಸ ಹೊತ್ತು ಬಂದಿದ್ದರು. ಮೂರ್ಛೆ ರೋಗಕ್ಕೆ ಹಿಂದಿನಿಂದ ಕೊಡುತ್ತ ಬಂದ ಬಜೆ, ಒಂದೆಲಗದ ಕಷಾಯವನ್ನು ಒರೆಗೆ ಹಚ್ಚಬೇಕು. ರೋಗಿಗಳು ತಮ್ಮ ಮಾತ್ರೆ ನುಂಗುತ್ತಲೇ ಇರುತ್ತಾರೆ. ಅದರ ಜೊತೆಗೆ ಅರ್ಧ ಮಂದಿಗೆ ಅಸಲಿ ಕಷಾಯ, ಉಳಿದರ್ಧಕ್ಕೆ ಯಾವ ಗುಣವೂ ಇಲ್ಲದ ಹುಸಿ ಕಷಾಯ. ಯಾವುದು ಯಾರ ಹೊಟ್ಟೆಗೆ ಹೋಯಿತೆಂದು ಕುಡಿದವರಿಗೆ ತಿಳಿಯಕೂಡದು. ತಿಳಿದರೆ ಕಷಾಯದ ಕೆಲಸವೆಷ್ಟು, ನಂಬಿಕೆಯ ಕೆಲಸವೆಷ್ಟು ಎಂದು ಬೇರ್ಪಡಿಸುವುದು ಹೇಗೆ?

ಔಷಧವಲ್ಲದ್ದನ್ನು ಔಷಧದಷ್ಟೇ ಶ್ರದ್ಧೆಯಿಂದ ಕುದಿಸು ಎಂದಾಗ ಕಹಿಯಕ್ಕನಿಗೆ ಮೊದಲು ಕೋಪ ಬಂತು. ಆಮೇಲೆ ಹಟ. ಹಟದ ಬೆನ್ನಿಗೆ ಮಜಾ. ಬಣ್ಣಕ್ಕೆ ಸಕ್ಕರೆ ಸುಟ್ಟಳು. ತಳದ ಗಸಿಗೆ ಜೋಳದ ಹಿಟ್ಟು ಕದಡಿದಳು. ವಾಸನೆಗೆ ಎಲ್ಲ ಲೋಟಗಳ ಮುಚ್ಚಳಕ್ಕೂ ಒಳಗಿನಿಂದ ಬಜೆ ಬೇರು ಉಜ್ಜಿದಳು. ಕಹಿಗೆ, ಉಗುರು ಕಚ್ಚುವ ಮಕ್ಕಳ ಬೆರಳಿಗೆ ಹಚ್ಚುವ ಪುಡಿ. ಮೊದಲ ಸಲ ಅದು ಕೈತಪ್ಪಿ ಜಾಸ್ತಿ ಬಿದ್ದು, ರುಚಿ ನೋಡಿದ ಗೇಟಿನವನು ಸಂಜೆಯವರೆಗೆ ಒಬ್ಬರನ್ನೂ ಗದರಲಿಲ್ಲ. ಬಾಯಿ ತೆರೆದರೆ ತಾನೇ. ಆಸ್ಪತ್ರೆಗೆ ಆಸ್ಪತ್ರೆಯೇ ಅವತ್ತು ಕಹಿಯಕ್ಕನಿಗೆ ಕೈಮುಗಿಯಿತು.

ರೋಗಿಗಳಿಗೆ ಕೊಡುವ ಮೊದಲು ನಾಲ್ವರು ಕುಡಿದು ನೋಡಿ, ಅಸಲಿ ಯಾವುದು ಹುಸಿ ಯಾವುದು ಎಂದು ಹೇಳಲಾಗದೆ ಸೋಲಬೇಕಿತ್ತು. ಕೊನೆಗೆ ಗೇಟಿನವನು ಮೋಸಹೋದ, ಗುಮಾಸ್ತ ಮೋಸಹೋದ, ಲಾಂಡ್ರಿಯಮ್ಮ ಮೋಸಹೋದಳು. ಉಳಿದವನು ತಮ್ಮ.

ಶಾಲೆಯಲ್ಲಿ ಬೆಂಚಿನಿಂದ ಬಿದ್ದು ಕೈಕಾಲು ಸೆಟೆದುಕೊಂಡ ದಿನದಿಂದ ಅವನಿಗೆ ಆಸ್ಪತ್ರೆಯ ಮಾತ್ರೆಯೂ ಇತ್ತು, ಅಕ್ಕನ ಕಷಾಯವೂ ಇತ್ತು. ಈಗ ಎಷ್ಟೋ ವರ್ಷಗಳಿಂದ ಫಿಟ್ಸ್ ಅವನ ಹತ್ತಿರ ಸುಳಿದಿಲ್ಲ. "ಎಲ್ಲಾ ಅಕ್ಕನ ಕಷಾಯ" ಎನ್ನುತ್ತಾನೆ ತಮ್ಮ. "ಮಾತ್ರೆ ಕಾರಣ" ಎನ್ನುತ್ತಾರೆ ಡಾಕ್ಟರಮ್ಮ. ದಿನಾ ಅವನ ಕೈಗೆ ಲೋಟ ಕೊಡುವಾಗ ಕಹಿಯಕ್ಕ ತನ್ನನ್ನೇ ಕೇಳಿಕೊಳ್ಳುತ್ತಾಳೆ: ಇವನನ್ನು ಕಾಪಾಡುತ್ತಿದ್ದೇನೋ, ಬರೀ ಕಹಿ ಕುಡಿಸುತ್ತಿದ್ದೇನೋ? ಉತ್ತರ ಯಾವುದಾದರೂ ಸರಿ, ನೋಯುವ ಮಂಡಿ ಪೂರ್ತಿ ಕೈಕೊಟ್ಟು ಒಲೆ ಬಿಡುವ ಮೊದಲು ಅದು ತಿಳಿಯಬೇಕಿತ್ತು ಅವಳಿಗೆ.

ತೇಗಿನ ಸುದ್ದಿ ಕೇಳಿ ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ಅಕ್ಕ, ನಾಳೆ ಪರೀಕ್ಷೆಗೆ ಒಪ್ಪಿಗೆ ಕೊಡೋ ಸಮಿತಿಯವರು ಬರ್ತಾರೆ. ಅವರೆದುರಿಗೂ ಗುರುತು ಸಿಕ್ಕಿತು ಅಂದ್ರೆ, ಕಷಾಯ ಬಿಡಿ, ಹೊರಗಿಂದ ಕ್ಯಾಪ್ಸೂಲ್ ತರಿಸಿ ಪರೀಕ್ಷೆ ಮಾಡಿ ಅಂತಾರೆ."

"ಕ್ಯಾಪ್ಸೂಲಿನ ಗುಣ ಕಟ್ಟಿಕೊಂಡು ನನಗೇನಾಗಬೇಕು? ಇಷ್ಟು ವರ್ಷ ನಾನು ಕುದಿಸಿದ್ದು ಏನು ಅಂತ ಗೊತ್ತಾಗಬೇಕು, ಡಾಕ್ಟರಮ್ಮ."

ಸಂಜೆ, ಹುಸಿ ಕುಡಿದರೂ ತೇಗು ಬರಲೆಂದು, ಅದಕ್ಕೆ ಸೋಡಾ ಬೆರೆಸಿ ತಮ್ಮನಿಗೆ ಕುಡಿಸಿದಳು. ಕಿಟಕಿ ಗಾಜು ಅದುರುವಂಥ ತೇಗು ಬಂತು. ಅವನು ಕಣ್ಣು ಮುಚ್ಚಿ ಧ್ಯಾನಿಸಿದ. "ಸದ್ದು ಜೋರಾಗಿದೆ ಅಕ್ಕ. ಸರಕಿಲ್ಲ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅವಳಿಗೆ ಅಳು ಬಂದಂತಾಯಿತು.

ಮರುದಿನ ಸಮಿತಿಯ ಮೂವರು ಬಂದು ಬೆತ್ತದ ಕುರ್ಚಿಗಳಲ್ಲಿ ಕೂತರು. ರುಚಿ ನೋಡುವ ನಾಲ್ವರೂ ಕಷಾಯ ಕುಡಿದು, ಮಧ್ಯಾಹ್ನ ಸಪ್ಪೆ ಬ್ರೆಡ್ಡು ಬಿಟ್ಟು ಬೇರೇನೂ ಮುಟ್ಟಬಾರದೆಂಬ ಅಪ್ಪಣೆ ಹೊತ್ತು ಹೋದರು. ಊಟದ ಹೊತ್ತು ಕಳೆದ ಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಗೇಟಿನವನಿಗೆ ಗೊತ್ತಾಗಲಿಲ್ಲ. ಗುಮಾಸ್ತನಿಗೆ ಗೊತ್ತಾಗಲಿಲ್ಲ. ಲಾಂಡ್ರಿಯಮ್ಮನಿಗೂ ಇಲ್ಲ. ತಮ್ಮ ಬಂದು ನಿಂತ, ಭಾರಿ ತೇಗೊಂದನ್ನು ಅಂಗೈಯಲ್ಲಿ ಅಡಗಿಸಿಕೊಂಡ, ತಲೆ ಕೆರೆದುಕೊಂಡ.

"ಗೊತ್ತಾಗ್ತಿಲ್ಲ, ಸರ್. ನಿಜವಾಗ್ಲೂ."

ಡಾಕ್ಟರಮ್ಮನ ಮುಖ ಅರಳಿತು. ಕಹಿಯಕ್ಕನ ಮೂಗು ಅರಳಿತು.

"ಲೋ, ಬಾ ಇಲ್ಲಿ. ಬಾಯಿ ತೆಗಿ."

"ಯಾಕಕ್ಕ, ಜನ ಇದ್ದಾರೆ."

"ತೆಗಿ ಅಂದೆ. ಏನು ತಿಂದೆ?"

ತಮ್ಮ ಚಪ್ಪಲಿ ನೋಡಿಕೊಂಡ. "ಒಂದು ಚೂರು ಹಸಿ ಮೂಲಂಗಿ. ಲಾಂಡ್ರಿಯಮ್ಮನ ಡಬ್ಬಿಯಲ್ಲಿತ್ತು. ಸಪ್ಪೆ ಬ್ರೆಡ್ಡು ಗಂಟಲಲ್ಲಿ ಇಳೀಲಿಲ್ಲ. ಎಲ್ಲರೂ ತಿಂದ್ವಿ."

ಸುಮ್ಮನಿದ್ದರೆ ಆಗುತ್ತಿತ್ತು. ಸಮಿತಿಯ ಪೆನ್ನು ಆಗಲೇ ಸಹಿಗೆ ಇಳಿದಿತ್ತು. ಆದರೆ ಅಡ್ಡದಾರಿಯಲ್ಲಿ ಬಂದ ಉತ್ತರ ಅವಳಿಗೆ ಯಾವ ಕೆಲಸಕ್ಕೆ? "ಸ್ವಾಮಿ, ಇದು ಲೆಕ್ಕಕ್ಕಿಲ್ಲ" ಎಂದಳು ಕಹಿಯಕ್ಕ. "ಇವರು ಮೂಲಂಗಿ ತೇಗ್ತಿದ್ದಾರೆ. ಅದರ ಮುಂದೆ ಬಜೆ ಎಲ್ಲಿ ತಿಳಿಯುತ್ತೆ?"

ಪೆನ್ನು ನಿಂತಿತು. ಡಾಕ್ಟರಮ್ಮ ಕಹಿಯಕ್ಕನನ್ನು ನೋಡಿದರು, ತಮ್ಮನನ್ನು ನೋಡಿದರು, ಬಾಯಿಗೆ ಕರವಸ್ತ್ರ ಒತ್ತಿದರು. ಅವರ ಭುಜ ಅಲುಗತೊಡಗಿತು.

"ಅಕ್ಕ, ಹಾಗಿದ್ರೆ ಮೂಲಂಗಿ ಎಲ್ಲರಿಗೂ ಕೊಡೋಣ. ಅಸಲಿ ಕುಡಿದವರಿಗೂ, ಹುಸಿ ಕುಡಿದವರಿಗೂ, ಒಂದೇ ಅಳತೆ."

ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಎರಡೂ ಗುಂಪಿಗೆ ಸಮನಾಗಿದ್ದರೆ ಹೋಲಿಕೆಗೆ ಅಡ್ಡಿಯಿಲ್ಲ, ಆದರೆ ಇನ್ನೊಮ್ಮೆ ನೇರವಾಗಿ ಮಾಡಿ ತೋರಿಸಿ ಎಂದರು. ಮರುದಿನ ಮೂಲಂಗಿ ಹೋಳುಗಳು ತಟ್ಟೆಯಲ್ಲಿ ರಾಜಾರೋಷವಾಗಿ ಬಂದವು. ಈ ಸಲ ಸಮಿತಿಯವರೂ ಕುಡಿದರು, ತಿಂದರು. ಮಧ್ಯಾಹ್ನ ಆ ಓಣಿಯಲ್ಲಿ ಎದ್ದ ತೇಗುಗಳಲ್ಲಿ ದೊಡ್ಡವರದು ಯಾವುದು, ಗೇಟಿನವನದು ಯಾವುದು ಎಂದು ಯಾರೂ ಹೇಳುವಂತಿರಲಿಲ್ಲ. ಯಾವುದು ಅಸಲಿ ಎಂದು ತಮ್ಮನೂ ಹೇಳಲಾರದೆ ಹೋದ. ಸಹಿ ಬಿತ್ತು.

ಸಂಜೆ ಅಕ್ಕ ತಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ತೊಳೆದ ಪಾತ್ರೆಗಳು ಬೋರಲು ಬಿದ್ದು ಬಿಸಿಲು ಕಾಯುತ್ತಿದ್ದವು. ಕಹಿಯಕ್ಕನ ಮುಖದಲ್ಲಿ ಮದುವೆ ಮನೆಯ ಕಳೆ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೈಬಾರದು."

"ಕೇಳು."

"ಕೊನೆಗೆ ಎಲ್ಲಾ ನೋಡಿ, ನಿನ್ನ ಕಷಾಯದಲ್ಲಿ ಏನೂ ಇಲ್ಲ ಅಂತ ಬಂದರೆ?"

"ಬಂದರೆ ಬರಲಿ. ಮಾತ್ರೆ ಕಾಪಾಡ್ತು ಅಂತ ಗೊತ್ತಾಗುತ್ತಲ್ಲ. ನಿನ್ನ ನಾಲಿಗೆ ಬಚಾವ್."

"ಇದೆ ಅಂತ ಬಂದರೆ?"

"ಬಂದರೆ, ಇಷ್ಟು ವರ್ಷ ನೀನು ಕಿಟಕಿಯಿಂದ ಆಚೆ ಚೆಲ್ಲಿದ್ದಕ್ಕೆಲ್ಲ..."

"ನಾನೆಲ್ಲಿ ಚೆಲ್ಲಿದೆ? ಅಕ್ಕ, ನಿಜ ಹೇಳು, ನೀನು ಯಾವತ್ತು ನೋಡಿದೆ?"

ಗೇಟಿನ ಆಚೆ ತರಕಾರಿ ಗಾಡಿಯವನ ಕೂಗು ಕೇಳಿಸಿತು. ಕಹಿಯಕ್ಕ ಮಂಡಿಗೆ ಕೈ ಊರಿ ಎದ್ದಳು, ಗೂಟದ ಮೇಲಿನ ದೊಡ್ಡ ಚೀಲ ತೆಗೆದುಕೊಂಡಳು.

"ಅಕ್ಕ, ಕೇಳ್ತಿರೋದು ನಿನ್ನನ್ನೇ..."

"ಮೂಲಂಗಿ ಇದೆಯೇನಪ್ಪಾ? ಎಳೇದು ಬೇಡ, ಖಾರ ಇರೋದು ನೋಡಿ ತೆಗಿ" ಎನ್ನುತ್ತ ಅವಳು ಆಗಲೇ ಅಂಗಳದ ಅರ್ಧ ದಾಟಿದ್ದಳು.