ಯಾವ ಡಿಸ್ಕು, ಯಾವ ಲೈನು

ನನಗಾಗ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು, ಗದ್ದೆಯಲ್ಲಿ ನಾಟಿ ನಡೆದಿದ್ದ ಕಾಲ. ಎರಡನೇ ಕ್ಲಾಸಿಗೆ ಸಾಲೆ ಬಿಟ್ಟವಳು ನಾನು. ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತೇನೆ, ಅಷ್ಟೇ. ಆದರೂ ಆ ದಿನ ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೀಳದೆ ನೋಡಿದೆ.

ಸಿದ್ದಾಪುರದ ನಮ್ಮ ಮನೆಯಲ್ಲಿ ಕಾಳಿನ ಕೋಣೆ ಖಾಲಿ ಮಾಡಿಸಿ ಸೊಸೆ ಅಲ್ಲಿ ಟೇಬಲ್ ಹಾಕಿಕೊಂಡಿದ್ದಳು. ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು ಓಡಿಸುವ ಸಾಫ್ಟ್‌ವೇರ್ ಒಂದಿದೆಯಂತೆ. ಅದು ನೆಟ್ಟಗೆ ಓಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ಕೈಗೆ ಸಿಗದ ಕಂಪ್ಯೂಟರಿಗೂ ಪಗಾರ ಕೊಡುತ್ತಾರಾ ಎಂದು ನಾನು ನಕ್ಕಿದ್ದೆ. ಪಗಾರ ಬಂದ ಮೇಲೆ ನಗಲಿಲ್ಲ.

ಅವಳನ್ನು ಇನ್ನೂ ಕಾಯಂ ಮಾಡಿರಲಿಲ್ಲ. ಅವಳು ಬರೆದ ಪರೀಕ್ಷೆಗಳು ಆ ಸಂಜೆಯೊಳಗೆ ಪಾಸಾಗಬೇಕು, ಇಲ್ಲವೆಂದರೆ ಕೆಲಸ ಹೋಯಿತು. ಹೋದರೆ ಮತ್ತೆ ಅಕ್ಕಿ ಗಿರಣಿಯ ಆಫೀಸೇ ಗತಿ. ಹಿಂದೆ ಆ ತೌಡಿನ ಧೂಳಿನಲ್ಲಿ ಕೂತು ಉಬ್ಬಸ ಹಿಡಿದು ಗಂಗಾವತಿ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಚ್ಚಿಸಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಕಾಯ್ದವಳು ನಾನು. ಆ ಉಸಿರಿನ ಸಪ್ಪಳ ಇನ್ನೊಮ್ಮೆ ಕೇಳುವ ಆಸೆ ನನಗಿರಲಿಲ್ಲ.

ಅದೇ ದಿನ ಲೈನ್‌ಮನ್ ಹಳೇ ತಂತಿ ಬದಲಿಸಲು ಬಂದಿದ್ದ. ನಮ್ಮ ಹಿತ್ತಲಿನ ಕಂಬದಿಂದ ಎರಡು ಲೈನು ಹೋಗುತ್ತವೆ, ಮನೆಗಳದ್ದೊಂದು, ಹೊಲದ ಮೋಟಾರುಗಳದ್ದೊಂದು. ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ಮಾಡುವವನಿದ್ದ. ಮುಂಜಾನೆಯೇ ಹೋಗಿ ಹೇಳಿದೆ.

“ತಮ್ಮಾ, ಇವತ್ತೊಂದಿನ ನಮ್ಮ ಲೈನ್ ತಗೀಬ್ಯಾಡ. ಭಾಳ ಜರೂರ್ ಐತಿ.”

“ಆತು ಬಿಡ್ರಿ ದೊಡ್ಡವ್ವ. ಚಹಾ ಏನಾರ ಐತೇನು?”

“ಮೊದಲ ಹೇಳಿದ್ದು ಮಾಡು, ಆಮ್ಯಾಲ ಚಹಾ.”

ಒಳಗೆ ಬಂದು ಅಕ್ಕಿ ಹಸನು ಮಾಡುತ್ತ ಸೊಸೆಯ ಪಕ್ಕ ಕೂತೆ. ಹಸಿರು ಬಂದರೆ ಪಾಸು, ಕೆಂಪು ಬಂದರೆ ಫೇಲು ಎಂದು ಹೇಳಿಕೊಟ್ಟಿದ್ದಳು. ಒಳಗಿನ ಕಂಪ್ಯೂಟರನ್ನು ಮೊದಲ ಸಲ ಓಡಿಸಿದರೆ ಹಸಿರು. ನಿಲ್ಲಿಸಿ ಮತ್ತೆ ಓಡಿಸಿದರೆ ಕೆಂಪು. ಎಷ್ಟು ಸಲ ಹೊಸದಾಗಿ ಶುರುಮಾಡಿದರೂ ಅದೇ ಹಾಡು. ಅವಳು ಸೆರಗಿನ ತುದಿ ಕಚ್ಚಿಕೊಂಡು ಕೂತಳು.

“ಒಮ್ಮಿ ಹಸರು, ಒಮ್ಮಿ ಕೆಂಪು. ಯಾರಾರ ಮಾಟ ಗೀಟ ಮಾಡ್ಸ್ಯಾರೇನ?” ಅಂದೆ.

“ಸುಮ್ಕಿರ್ರಿ ಅತ್ತಿ, ನನ್ನ ಜೀವ ಬಾಯಾಗ ಬಂದೈತಿ.”

ಅಷ್ಟರಲ್ಲಿ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಅವಳ ಕಂಪ್ಯೂಟರಿನ ಬ್ಯಾಟರಿ ಮುದಿಯಾದದ್ದು, ಒಂದು ತಾಸು ತಡೆದರೆ ಹೆಚ್ಚು. ಮೊರ ಬಿಸಾಕಿ ಹಿತ್ತಲಿಗೆ ಓಡಿದೆ. ಲೈನ್‌ಮನ್ ಕಂಬದ ಮೇಲಿದ್ದ.

“ಏನಲೇ, ಬ್ಯಾಡಂದ್ರೂ ತಗದ್ಯಲ್ಲ!”

“ನಿಮ್ಮ ಮೋಟಾರಿನ ಲೈನ್ ಮುಟ್ಟೇ ಇಲ್ಲಲ್ರಿ ದೊಡ್ಡವ್ವ. ಅಲ್ಲಿ ನೀರು ಹೊಂಟೈತಿ ನೋಡ್ರಿ.”

“ಮೋಟಾರಂತ ಯಾರು ಅಂದ್ರು ನಿನಗ?”

“ಮನಿ ಅಂತೂ ಅನ್ಲಿಲ್ಲಲ್ರಿ! ನಾಟಿ ದಿನದಾಗ ಮುದುಕಿ ಬಂದು ಲೈನ್ ಅಂದ್ರ ಇನ್ನೇನು ತಿಳ್ಕೋಬೇಕು ನಾನು?”

“ನಿನ್ನ ಬಾಯಾಗ ಮಣ್ಣು ಹಾಕ. ಈಗ ಹಚ್ಚು.”

“ತಂತಿ ಬಿಚ್ಚೀನಿ. ಸಂಜಿಗೇ ಇನ್ನ.”

ತಿರುಗಿ ಬಂದಾಗ ಸೊಸೆ ಆಫೀಸಿನ ಹಿರಿಯ ಹೆಂಗಸಿನ ಜೊತೆ ಫೋನಿನಲ್ಲಿದ್ದಳು. ಆಕೆಯ ಮಾತು ನನಗೂ ಕೇಳುತ್ತಿತ್ತು.

“ಡಿಸ್ಕ್ ಯಾವ ಫಾರ್ಮ್ಯಾಟು ಅಂತ ಹೇಳಿದೀಯೇನಮ್ಮ?”

“ಇಲ್ಲ ಮೇಡಂ, ಹೇಳದಿದ್ರೂ ಅದೇ ಕಂಡುಹಿಡೀತಿತ್ತು.”

“ಕಂಡುಹಿಡಿಯಲ್ಲ, ಊಹೆ ಮಾಡುತ್ತೆ. ಊಹೆಗೆ ಬಿಡಬೇಡ.”

ಫೋನಿಟ್ಟು ನನಗೂ ಬಿಡಿಸಿ ಹೇಳಿದಳು. ಒಳಗಿನ ಕಂಪ್ಯೂಟರಿಗೆ ನಿಜವಾದ ಡಿಸ್ಕ್ ಇಲ್ಲ, ಒಂದು ಫೈಲನ್ನೇ ಡಿಸ್ಕೆಂದು ನಂಬಿಸಿ ಕೊಡುತ್ತಾರೆ. ಅಂಥ ಫೈಲುಗಳಲ್ಲಿ ಬೇರೆ ಬೇರೆ ನಮೂನೆ, ಫಾರ್ಮ್ಯಾಟು ಅಂದರೆ ಅದೇ. ಕೆಲವಕ್ಕೆ ತಲೆಯ ಮೇಲೆ, ಅಂದರೆ ಫೈಲಿನ ಶುರುವಿನಲ್ಲೇ, ತನ್ನದೊಂದು ಗುರುತು ಇರುತ್ತದೆ. ಸಾದಾ ನಮೂನೆಗೆ ಯಾವ ಗುರುತೂ ಇಲ್ಲ. ಯಾವುದೆಂದು ಹೇಳದಿದ್ದರೆ ಸಾಫ್ಟ್‌ವೇರ್ ತಲೆ ನೋಡಿ ತಾನೇ ತೀರ್ಮಾನ ಮಾಡುತ್ತದೆ. ಇವಳು ಕೊಟ್ಟದ್ದು ಸಾದಾ ಡಿಸ್ಕು. ಮೊದಲ ಸಲ ಓಡಿದಾಗ ಪರೀಕ್ಷೆಯೇ ಅದರ ಮೇಲೆ ಏನೇನೋ ಗೀಚಿತ್ತು. ಆ ಗೀಚಿದ್ದು ಇನ್ನೊಂದು ನಮೂನೆಯ ಗುರುತಿನಂತೆಯೇ ಇತ್ತು. ಎರಡನೇ ಸಲ ತೆರೆದಾಗ ಸಾಫ್ಟ್‌ವೇರ್ ಅದನ್ನೇ ನಂಬಿತು, ಕೆಂಪಾಯಿತು.

ನಾನು ಲೈನ್‌ಮನ್ ಹೇಳಿದ್ದು ಹೇಳಿದೆ. ಅಂಥ ಹೆದರಿಕೆಯಲ್ಲೂ ಅವಳಿಗೆ ನಗು ಬಂತು. “ನೀವೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ” ಅಂದಳು. ನಗು ಅಲ್ಲಿಗೇ ನಿಂತಿತು.

ಡಿಸ್ಕ್ ಕೊಡುವ ಜಾಗದಲ್ಲೆಲ್ಲ ಇದು ಸಾದಾ, ಇದು ಸಾದಾ ಎಂದು ಬರೆಯುತ್ತಾ ಹೋದಳು. ಅಂಥ ಜಾಗ ಮುಗಿಯುವ ಹಾಗೆ ಕಾಣಲಿಲ್ಲ. ನಾನು ಮೊರದಿಂದ ಗಾಳಿ ಹಾಕಿದೆ. ಮೂಲೆಯಲ್ಲಿದ್ದ ಬ್ಯಾಟರಿಯ ಗುರುತು ಕೆಂಪಾಯಿತು. ಅದು ಪರೀಕ್ಷೆಯ ಕೆಂಪೆಂದು ತಿಳಿದು ನಾನು ಚೀರಿದೆ, ಅವಳು ಬೈದಳು. ಕೊನೆಗೆ ಓಡಿಸಿದಳು, ಹಸಿರು. ನಿಲ್ಲಿಸಿ ಮತ್ತೆ ಓಡಿಸಿದಳು. ನಾನು ಮೊರ ಬೀಸುವುದು ನಿಲ್ಲಿಸಿದೆ. ಹಸಿರು. ಫೋನಿನ ನೆಟ್ಟಿನಲ್ಲಿ ಕಳಿಸಿದಳು. ಕಳಿಸಿದ್ದೇ ತಡ, ಪರದೆ ಕಪ್ಪಾಯಿತು.

ಸಂಜೆ ಕರೆಂಟೂ ಬಂತು, ಉತ್ತರವೂ ಬಂತು. ನಾಳೆ ಹತ್ತಕ್ಕೆ ದೊಡ್ಡ ಸಾಹೇಬರ ಮುಂದೆ ಓಡಿಸಿ ತೋರಿಸು, ಇಟ್ಟುಕೊಳ್ಳುವುದೋ ಬಿಡುವುದೋ ಆಗ ಹೇಳುತ್ತೇವೆ ಎಂದು. ಮುಖ ನೋಡಿ ಮಾತಾಡುವ ಮೀಟಿಂಗು ಫೋನಿನ ನೆಟ್ಟಿಗೆ ಎಳೆಯುವುದಿಲ್ಲ. ನೆಟ್ಟಿನ ಡಬ್ಬಿಗೆ ಕರೆಂಟು ಬೇಕೇ ಬೇಕು. ಮನೆ ಲೈನಿನ ತಂತಿಯೋ, ಇನ್ನೂ ಅರ್ಧ ಉಳಿದಿತ್ತು, ಲೈನ್‌ಮನ್ ಮರುದಿನ ಮತ್ತೆ ತೆಗೆಯುವವನಿದ್ದ. ಸೊಸೆ ಉಣ್ಣಲಿಲ್ಲ. ನಾನು ಉಂಡೆ, ರುಚಿ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹಿತ್ತಲಿಗೆ ಹೋದೆ. ಲೈನ್‌ಮನ್ ಬಂದ ಕೂಡಲೇ, “ಹೊಲದ್ದಲ್ಲ, ಮನೀದು. ಮೋಟಾರಲ್ಲ, ಕಂಪ್ಯೂಟರು. ನಾನು ಹೂಂ ಅನ್ನೂತನ ಮುಟ್ಟಬ್ಯಾಡ” ಎಂದು ಹೇಳಿ, ತಿರುಗಿ ಅವನ ಬಾಯಿಂದಲೂ ಹೇಳಿಸಿದೆ. ಆದರೂ ನಂಬಿಕೆ ಬರಲಿಲ್ಲ. ನೆಲಕ್ಕೆ ಮಲಗಿಸಿದ್ದ ಅವನ ಏಣಿಯ ಮೇಲೆಯೇ ಕೂತು ಎಲೆ ಅಡಿಕೆ ಹಾಕಿಕೊಂಡೆ.

“ಏಳ್ರಿ ದೊಡ್ಡವ್ವ, ಬಿಸಲು ಏರಾಕತ್ತೈತಿ.”

“ಏರ್ಲಿ.”

ಹತ್ತು ದಾಟಿದ ಮೇಲೆ ಎಷ್ಟೋ ಹೊತ್ತಿಗೆ ಸೊಸೆ ಹಿತ್ತಲ ಬಾಗಿಲಿಗೆ ಬಂದು ನಿಂತಳು. “ಇಟ್ಕೊಂಡ್ರು, ಅತ್ತಿ” ಅಂದಳು.

ನಾನು ಮೊಣಕಾಲು ಹಿಡಿದು ಎದ್ದೆ. “ತಗಿಯಪ ಈಗ” ಅಂದೆ.

ಲೈನ್‌ಮನ್ ಏಣಿ ಎತ್ತಲಿಲ್ಲ. “ಯಾವ ಲೈನ್ರಿ?” ಅಂದ.

“ಮನೀದು” ಎಂದು ಹೇಳಿ, ಅವನಿಗೆ ಚಹಾ ಕಾಸಲು ಒಳಗೆ ಹೋದೆ.