ಕಮಲಕ್ಕನ ಕರೆಂಟು

ಪಾರ್ಕಿನ್ಸನ್ ರೋಗಿಗಳ ಮಿದುಳಿನೊಳಗೆ ಕೂರಿಸಿದ ತಂತಿಗೆ ಎಷ್ಟು ಕರೆಂಟು ಹೋಗಬೇಕೆಂದು ಹೊಂದಿಸುವುದು ಮಣಿಪಾಲದಲ್ಲಿ ನನ್ನ ಉದ್ಯೋಗ. ಕೈನಡುಕ ನಿಂತರೆ ಕೆಲಸ ಮುಗಿಯಿತು ಎಂದೇ ತಿಳಿದಿದ್ದೆ.

ಕಾಪು ಮಾರ್ಕೆಟಿನಲ್ಲಿ ಮೀನು ಮಾರುವ ಎರ್ಮಾಳಿನ ಕಮಲಕ್ಕನ ಕೈಗೆ ಪೆನ್ನು ಕೊಟ್ಟು ಕಾಗದದ ಮೇಲೆ ಒಂದು ಸುರುಳಿ ಬರೆಯಲು ಹೇಳಿದೆ. ಗೆರೆ ಗರಗಸದ ಹಲ್ಲಿನಂತೆ ಬಂತು. ಕರೆಂಟು ಏರಿಸುತ್ತಾ ಹೋದೆ. ಕೊನೆಗೆ ಸುರುಳಿ ಸೊಳ್ಳೆ ಬತ್ತಿಯಷ್ಟು ನೀಟಾಗಿ ಬಂತು.

"ಹೇಗುಂಟು ಅಕ್ಕ?" ಎಂದೆ.

ಏನೋ ಹೇಳಿದರು, ಅಕ್ಷರಗಳೆಲ್ಲ ನಾಲಗೆಗೆ ಅಂಟಿಕೊಂಡವು. ಇಳಿಸು ಎಂದು ಅಂಗೈಯಿಂದ ಸನ್ನೆ ಮಾಡಿದರು. ಇಳಿಸಿದೆ. ಮಾತು ವಾಪಸು ಬಂತು, ನಡುಕವೂ ಬಂತು.

"ಇಷ್ಟೇ ಇರಲಿ."

"ಕೈ ನಡುಗುತ್ತದಲ್ಲ ಅಕ್ಕ."

"ನಡುಗಲಿ. ಮೀನು ಕತ್ತರಿಸಲಿಕ್ಕೆ ಸೊಸೆ ಇದ್ದಾಳೆ. ಗಿರಾಕಿಗಳ ಹತ್ತಿರ ಬಾಯಿ ಮಾಡಲಿಕ್ಕೆ ಯಾರುಂಟು? ಮಾತು ಬಾರದವಳ ಅಂಜಲ್ ಮೀನನ್ನು ಅವರು ಅಗ್ಗದ ಬಂಗುಡೆಯ ರೇಟಿಗೆ ಕೇಳುತ್ತಾರೆ ಮಾರಾಯ."

"ಎರಡು ಮೆಟ್ಟಿಲಾದರೂ ಏರಿಸುವ" ಎಂದೆ.

"ಒಂದೂ ಬೇಡ."

"ಒಂದು?"

"ಅರ್ಧ" ಎಂದವರೇ ಎದ್ದು ಬಾಗಿಲಿನ ಕಡೆ ಹೊರಟರು, ನಾನು ವಾಪಸು ಕರೆದೇ ಕರೆಯುತ್ತೇನೆ ಎಂದು ಗೊತ್ತಿದ್ದವರ ಹಾಗೆ ನಿಧಾನವಾಗಿ. ಮಾರ್ಕೆಟಿನಲ್ಲಿ ಗಿರಾಕಿಗಳು ಅವರಿಗೆ ದಿನಾ ಮಾಡುವುದನ್ನು ಅವರು ನನಗೆ ಮಾಡಿದ್ದರು.

ಕರೆದೆ. ಅರ್ಧಕ್ಕೆ ಒಪ್ಪಿದೆ.

ನಮ್ಮ ಫಾರ್ಮಿನಲ್ಲಿ ಸುರುಳಿ ಅಂಟಿಸಲು ಜಾಗ ಉಂಟು, ಚೌಕಾಸಿಗೆ ಇಲ್ಲ. ಸೊಟ್ಟ ಸುರುಳಿಯನ್ನೇ ಅಂಟಿಸಿ, ಕೆಳಗೆ 'ಮಾತು: ಜೋರು' ಎಂದು ಬರೆದೆ.