ಸಾರಿಗೆ ಬೀಳದ ಹಲ್ಲಿ

ಮೊಮ್ಮಕ್ಕಳೇ, ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ನಿಮ್ಮ ಆಯಿ ಶಾಲೆಯ ಸಾರಿನಲ್ಲಿ ಹಲ್ಲಿ ಕಂಡವಳು ಎಂದೇ ಹೇಳುತ್ತಾರೆ. ನಾನು ಹಲ್ಲಿ ಕಂಡಿಲ್ಲ. ಅವತ್ತು ಹಲ್ಲಿ ಎಂಬ ಮಾತನ್ನು ಮೊದಲು ಆಡಿದವಳೂ ನಾನಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಆಗುವುದಿಲ್ಲ. ನಿಮ್ಮ ಮುತ್ಯಾ ಇದ್ದಾಗ ಮನೆಗೆ ಯಾರಾದರೂ ಬಂದರೆ ಚಹಾ ಆಯಿತು ಎಂಬುದನ್ನೂ ಬಾಗಿಲ ಹಿಂದೆ ನಿಂತು ಬಳೆಯ ಸದ್ದಿನಿಂದ ತಿಳಿಸುತ್ತಿದ್ದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಇಡೋಣವೆಂದು ಕೂತಿದ್ದೇನೆ.

ಇದು ನಿಮ್ಮಲ್ಲಿ ನಡುವಿನಾಕೆಯ ಕಥೆ. ಆಗ ಆಕೆ ನಮ್ಮೂರ ಶಾಲೆಯಲ್ಲೇ ಮೂರನೇ ತರಗತಿ ಓದುತ್ತಿದ್ದಳು. ದೊಡ್ಡವನು ಸೇಡಂನ ಹಾಸ್ಟೆಲಿನಲ್ಲಿದ್ದ, ಸಣ್ಣದು ಇನ್ನೂ ಹುಟ್ಟಿರಲಿಲ್ಲ. ನಿಮ್ಮಪ್ಪ ವಾಡಿಗೆ, ನಿಮ್ಮವ್ವ ಚಿತ್ತಾಪುರಕ್ಕೆ ಕೆಲಸಕ್ಕೆ ಹೋದರೆ ಸಂಜೆಯ ತನಕ ಮನೆಯಲ್ಲಿ ನಾನೊಬ್ಬಳೇ.

ನಮ್ಮ ಕಡೆ ಶೇಂಗಾ ಇಲ್ಲದ ತಾಟು ಯಾವುದಿದೆ ಹೇಳಿ. ರೊಟ್ಟಿಯ ಜೊತೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಪಂಚಮಿಗೆ ಶೇಂಗಾ ಉಂಡಿ. ನಿಮ್ಮ ಮುತ್ಯಾ ಒಮ್ಮೆ ನಿಮ್ಮ ದೊಡ್ಡಪ್ಪನಿಗೆ ಶಹಾಬಾದದಲ್ಲಿ ಹೆಣ್ಣು ನೋಡಲು ಹೋದಾಗ, ತಾಟಿಗೆ ಹಿಂಡಿ ಬಡಿಸಲಿಲ್ಲವೆಂದು ಮದುವೆಯ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದರು. ಆಮೇಲೆ ಆ ಮನೆಯವರೇ ಒಂದು ಡಬ್ಬಿ ಹಿಂಡಿ ಕಟ್ಟಿಕೊಂಡು ಬಂದರು, ಮದುವೆ ನಡೆಯಿತು. ನಿಮ್ಮ ದೊಡ್ಡವ್ವ ನಮ್ಮ ಮನೆಗೆ ಬಂದದ್ದು ಹಾಗೆ.

ಅಂಥ ಮನೆಯಲ್ಲಿ ಹುಟ್ಟಿದ ನಡುವಿನಾಕೆ ಶೇಂಗಾ ಕಂಡರೆ ಮುಖ ತಿರುಗಿಸುತ್ತಿದ್ದಳು. ಬಾಯಿ ತುರಿಸುತ್ತದೆ ಎನ್ನುತ್ತಿದ್ದಳು. ನಾವೆಲ್ಲ ನಖರಾ ಅಂದುಕೊಂಡೆವು. ಆಗಾಗ ಮೈಮೇಲೆ ಕೆಂಪಗೆ ದದ್ದು ಎದ್ದರೆ ಪಿತ್ತದ ಗಂಧೆ ಎಂದು ಕಂಬಳಿಯಿಂದ ತಿಕ್ಕುತ್ತಿದ್ದೆವು. ಎದುರುಮನೆಯಾಕೆ ಬಂದು ದೃಷ್ಟಿ ತೆಗೆಯುತ್ತಿದ್ದಳು. ಗಂಧೆ ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು, ಹೆಸರು ಮಾತ್ರ ಕಂಬಳಿಗೂ ಎದುರುಮನೆಯಾಕೆಗೂ ಬರುತ್ತಿತ್ತು.

ಒಂದು ದಿನ ಶಾಲೆಗೆ ಆರೋಗ್ಯ ತಪಾಸಣೆಯ ಗಾಡಿ ಬಂತು. ಅವರು ವರ್ಷ ವರ್ಷ ಬಂದು ಮಕ್ಕಳ ತೂಕ, ಹಲ್ಲು, ಕಣ್ಣು ನೋಡಿ ಹೋಗುತ್ತಾರೆ. ಅವತ್ತೇ ಮೊಟ್ಟೆ ತಿನ್ನದ ಮಕ್ಕಳಿಗೆ ಶೇಂಗಾ ಚಿಕ್ಕಿ ಕೊಟ್ಟಿದ್ದರು. ನಡುವಿನಾಕೆ ತನ್ನ ಪಾಲನ್ನು ಯಾವಾಗಲೂ ಗೆಳತಿಗೆ ದಾಟಿಸುತ್ತಿದ್ದಳು. ಅವತ್ತು ಗೆಳತಿ ಬಂದಿರಲಿಲ್ಲ, ಹಸಿವೆಯೂ ಆಗಿತ್ತು. ಚಿಕ್ಕಿ ತಿನ್ನುತ್ತಲೇ ತಪಾಸಣೆಗೆ ನಿಂತಳು. ಡಾಕ್ಟರಮ್ಮ ಹಲ್ಲು ನೋಡಲು ಬಾಯಿ ತೆಗೆ ಎಂದಾಗ ತುಟಿ ಬೋಂಡಾದ ಹಾಗೆ ಉಬ್ಬುತ್ತಿದ್ದವು, ಉಸಿರು ಸಿಳ್ಳೆ ಹಾಕುತ್ತಿತ್ತು.

ಸುದ್ದಿ ಮುಟ್ಟಿದಾಗ ನಾನು ಕಂಬಳಿ ಕಂಕುಳಲ್ಲಿಟ್ಟುಕೊಂಡು ಓಡಿದೆ. ನನ್ನ ಹಿಂದೆ ಎದುರುಮನೆಯಾಕೆ. ಅಷ್ಟರಲ್ಲಿ ಡಾಕ್ಟರಮ್ಮ ಸೂಜಿ ಚುಚ್ಚಿ, ಹುಡುಗಿಯನ್ನು ಗಾಡಿಯಲ್ಲಿ ಮಲಗಿಸಿದ್ದರು. ಕಾಳಗಿಯ ಆಸ್ಪತ್ರೆಗೆ ಕರೆದೊಯ್ಯಲು ಹೊರಟಿದ್ದರು.

"ಇದೇನ್ರೀ ಆಯಿ, ಈ ಬಿಸಲಾಗ ಕಂಬಳಿ?" ಎಂದರು ನನ್ನನ್ನು ನೋಡಿ.

ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಎದುರುಮನೆಯಾಕೆಯೇ ಉತ್ತರ ಕೊಟ್ಟಳು. "ಪಿತ್ತಕ್ಕರೀ ಮೇಡಂ. ಜರಾ ಮೈ ತಿಕ್ಕಿದ್ರ ಇಳೀತದ."

"ಇದು ಪಿತ್ತ ಅಲ್ರಿ. ಈ ಹುಡುಗಿ ಮೈಗೆ ಶೇಂಗಾ ಒಗ್ಗಲ್ಲ. ಒಂದು ಚಿಟಿಕಿ ಪುಡಿ ಸುದ್ದಾ ಹೊಟ್ಟಿಗೆ ಹೋಗಬಾರದು. ಮುಂದ ಹಿಂಗ ಉಸಿರು ಹಿಡೀತಂದ್ರ ಕಂಬಳಿ ಹುಡುಕಬ್ಯಾಡ್ರಿ, ಗಾಡಿ ಹುಡುಕ್ರಿ."

ಸಂಜೆಗೆ ಹುಡುಗಿ ನಗುನಗುತ್ತಾ ಮನೆಗೆ ಬಂದಳು. ಎದುರುಮನೆಯಾಕೆಗೆ ಮಾತ್ರ ಸಮಾಧಾನವಿಲ್ಲ. "ಶೇಂಗಾ ಒಗ್ಗಲ್ಲ ಅಂದ್ರೇನು? ಗಾಳಿ ಒಗ್ಗಲ್ಲ ಅಂದಂಗಾಯ್ತು. ಆ ಡಾಕ್ಟರಮ್ಮಂದೇ ದೃಷ್ಟಿ ಬಿದ್ದದ ನೋಡು. ಅಷ್ಟೊತ್ತು ಬಾಯಾಗ ಬ್ಯಾಟರಿ ಹಾಕಿ ನೋಡಿದ್ರ ಬೀಳದ ಇರ್ತದೇನು?"

ನಿಮ್ಮವ್ವ ಅದೇ ವಾರ ಮನೆಯ ಶೇಂಗಾ ಎಲ್ಲವನ್ನೂ ಎತ್ತಿ ಕೊಟ್ಟುಬಿಟ್ಟಳು. ಹಿಂಡಿಯ ಡಬ್ಬಿಯನ್ನು ಸೋಪು ಹಾಕಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಅದರಲ್ಲಿ ಅಗಸಿ ಬೀಜದ ಹಿಂಡಿ ತುಂಬಿಟ್ಟಳು. ಅಗಸಿಯನ್ನು ನಡುವಿನಾಕೆ ಹಲ್ಲು ಬಂದಾಗಿನಿಂದ ತಿನ್ನುತ್ತಿದ್ದಳು, ಏನೂ ಆಗಿರಲಿಲ್ಲ. ಡಾಕ್ಟರಮ್ಮನೂ ಅಡ್ಡಿಯಿಲ್ಲ ಎಂದಿದ್ದರು.

ಕಷ್ಟ ಬಂದದ್ದು ಶಾಲೆಯಲ್ಲಿ. ದೊಡ್ಡ ಅಕ್ಕೋರಿಗೆ, ಅಂದರೆ ಮುಖ್ಯ ಶಿಕ್ಷಕಿಗೆ, ಹೆದರಿಕೆ ಹೊಕ್ಕುಬಿಟ್ಟಿತ್ತು. ತಪ್ಪಲ್ಲ. ಕಣ್ಣೆದುರೇ ಮಗು ಹಾಗಾದರೆ ಯಾರಾದರೂ ಹೆದರುತ್ತಾರೆ. ಶೇಂಗಾ ಚಿಕ್ಕಿಯ ಬದಲು ಬಾಳೆಹಣ್ಣು ತರಿಸಿದರು. ಡಾಕ್ಟರಮ್ಮ ಕೊಟ್ಟುಹೋದ ಮಾತ್ರೆ, ಔಷಧಿ ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಡುವಿನಾಕೆ ಮನೆಯಿಂದ ಡಬ್ಬಿ ತಂದು ಆಫೀಸ್ ಕೋಣೆಯಲ್ಲಿ ಒಬ್ಬಳೇ ಉಣ್ಣಬೇಕು ಎಂದರು.

ಆ ಕೋಣೆಯ ಗೋಡೆಗೆ ಒಂದು ನಕಾಶೆ ಇತ್ತು. ಹುಡುಗಿಗೆ ಕರ್ನಾಟಕದ ಜಿಲ್ಲೆಗಳೆಲ್ಲ ಬಾಯಿಪಾಠವಾದವು, ರೊಟ್ಟಿ ಡಬ್ಬಿಯಲ್ಲೇ ಉಳಿಯತೊಡಗಿತು.

"ಯಾಕ ಉಣ್ಣವಲ್ಲಿ?" ಎಂದು ಕೇಳಿದೆ.

"ಆಯಿ, ಪಂಗತಿಯಾಗ ಎಲ್ಲಾರೂ ಕೂಡಿ ಸುರ್ ಅಂತ ಸಾರು ಎಳೀತಾರ. ಭಾಳ ಮಜಾ ಇರ್ತದ. ಆಫೀಸ್ನ್ಯಾಗ ನಾ ಒಬ್ಬಾಕಿನೇ ಎಳದ್ರ ಅಕ್ಕೋರು ಕನ್ನಡಕದ ಮ್ಯಾಲಿಂದ ನೋಡ್ತಾರ."

ನಾನು ನಕ್ಕೆ. ಆಕೆ ನಗಲಿಲ್ಲ. "ಪಂಗತಿಯಾಗ ಕುಂದರ್ಸದಿದ್ರ ನಾ ಓದಲಿಕ್ಕೇ ಹೋಗಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆಕೆ ಹಟ ಹಿಡಿದರೆ ಎಂಥವಳೆಂದು ನಿಮಗೆ ಗೊತ್ತು. ಎರಡು ದಿನ ಹೋಗಲೂ ಇಲ್ಲ.

ಡಾಕ್ಟರಮ್ಮ ಹುಡುಗಿಯನ್ನು ಮತ್ತೆ ನೋಡಲು ಶಾಲೆಗೆ ಬಂದಾಗ ನಿಮ್ಮವ್ವ ರಜೆ ಹಾಕಿ ಹೋಗಿ ಕೇಳಿದಳು. ನಾನು ಕಂಬದ ಮರೆಯಲ್ಲಿದ್ದೆ. "ಅಡಿಗಿ ಮನ್ಯಾಗ ಶೇಂಗಾ ಬರದಂಗ ನೋಡಿಕೊಂಡ್ರ ಪಂಗತಿಯಾಗೇ ಕುಂದರಲಿ," ಎಂದರು ಅವರು.

"ನೋಡಿಕೊಳ್ಳೋರು ಯಾರ್ರೀ?" ಎಂದರು ದೊಡ್ಡ ಅಕ್ಕೋರು.

"ನಮ್ಮ ಆಯಿ," ಎಂದಳು ನಡುವಿನಾಕೆ, ಕಂಬದ ಕಡೆ ಬೆರಳು ಮಾಡಿ.

ಅಕ್ಕೋರು ಒಪ್ಪಿದರು, ಒಂದು ಮಾತಿನ ಮೇಲೆ. ಶೇಂಗಾ ಒಂದು ದಿನ ತಾಟಿಗೆ ಬಂದರೂ ಮತ್ತೆ ಆಫೀಸ್ ಕೋಣೆಯೇ.

ಹೀಗೆ ನಾನು ಬಿಸಿಯೂಟದ ಅಡುಗೆಮನೆಯ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತೆ. ಅಡುಗೆ ಮಾಡುವಾಕೆ ನಮ್ಮ ಓಣಿಯವಳೇ, ನನ್ನನ್ನು ಅತ್ತಿ ಎಂದು ಕರೆಯುತ್ತಿದ್ದಳು. ಕೈರುಚಿಗೆ ಊರಲ್ಲೆಲ್ಲ ಹೆಸರಾದವಳು.

"ಆರಾಮ ಕುಂದ್ರಿ ಅತ್ತಿ," ಎಂದಳು. "ನನ್ನ ಅಡಿಗಿಯಾಗ ಶೇಂಗಾ ಎಲ್ಲದ? ಸರ್ಕಾರ ಬ್ಯಾಳಿ ಕೊಡ್ತದ, ಅಕ್ಕಿ ಕೊಡ್ತದ. ಶೇಂಗಾ ಯಾರು ಕೊಟ್ಟಾರ?"

ಬೇಳೆ ಬೆಂದಿತು. ಕಾಯಿಪಲ್ಲೆ ಬಿತ್ತು. ಒಗ್ಗರಣೆ ಚುರ್ ಎಂದಿತು. ಆಕೆ ತನ್ನ ಮಗಳ ಬೀಗರು ಎಷ್ಟು ಜಿಪುಣರೆಂದು ಹೇಳುತ್ತಾ, ನನ್ನ ಮುಖ ನೋಡುತ್ತಾ, ಕಿಟಕಿಯಲ್ಲಿದ್ದ ಹಳೆಯ ಡಬ್ಬಿಗೆ ಕೈಹಾಕಿ ಒಂದು ಮುಷ್ಟಿ ಪುಡಿ ತೆಗೆದು ಸಾರಿಗೆ ಬಿಟ್ಟಳು. ಮಾತು ಎಲ್ಲೂ ತುಂಡಾಗಲಿಲ್ಲ. ಕೈ ಹೋದದ್ದು ಆಕೆಗೇ ತಿಳಿದಿರಲಿಲ್ಲ. ನನಗೆ ಹುರಿದ ಶೇಂಗಾದ ವಾಸನೆ ಬಂತು.

ಹೇಳಬೇಕೆಂದು ಬಾಯಿ ತೆರೆದೆ. ಹೊರಬಿದ್ದದ್ದು ಕೆಮ್ಮು.

"ಖಾರದ ಹೊಗಿ ಹತ್ತಿತೇನು ಅತ್ತಿ?" ಎಂದು ಆಕೆ ನೀರು ಕೊಟ್ಟಳು. ನಾನು ಡಬ್ಬಿಯ ಕಡೆ ಕೈಮಾಡಿದೆ. "ಬೆಲ್ಲ ಬೇಕೇನು?" ಎಂದು ಬೆಲ್ಲ ಹುಡುಕಲು ಹೊರಟಳು. ಅಷ್ಟರಲ್ಲಿ ದೊಡ್ಡ ತರಗತಿಯ ಹುಡುಗಿಯರು ಬಕೆಟ್ಟಿನಲ್ಲಿ ಸಾರು ತುಂಬಿಕೊಂಡು ಪಡಸಾಲೆಗೆ ಹೋದರು. ಅಲ್ಲಿ ಪಂಗತಿ ಕೂತಿತ್ತು. ನಡುವಿನಾಕೆ ಗೆಳತಿಯ ಮಗ್ಗುಲಲ್ಲಿ ತಾಟು ಹಿಡಿದು, ಹಬ್ಬದ ಮುಖ ಮಾಡಿಕೊಂಡು ಕೂತಿದ್ದಳು. ಸಾರು ಆಕೆಯ ತಾಟಿಗೆ ಬಿತ್ತು.

ಮುಂದೆ ನಾನೇನು ಮಾಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಪಡಸಾಲೆಯ ನಡುವೆ ನಿಂತಿದ್ದೆ, ಸೆರಗು ಹೆಗಲಿಗೆ ಜಾರಿತ್ತು, ಗುಡಿಯ ಮೈಕಿನಂಥ ಒಂದು ಧ್ವನಿ ಕೂಗುತ್ತಿತ್ತು.

"ಯಾರೂ ಉಣಬ್ಯಾಡ್ರಿ. ತಾಟು ಕೆಳಗ ಇಡ್ರಿ."

ಆ ಧ್ವನಿ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಹೇಳಬೇಕಾಗಿದ್ದದ್ದು ಒಬ್ಬಳಿಗೆ. ಆದರೆ ಎಲ್ಲ ಮಕ್ಕಳೂ ತಾಟು ಕೆಳಗಿಟ್ಟರು. ಮೂಲೆಯಿಂದ ಒಂದು ಮಗು, "ಹಲ್ಲಿ ಬಿದ್ದದ," ಎಂದಿತು.

ಆ ಮಾತು ನನಗಿಂತ ಮೊದಲೇ ಊರು ಮುಟ್ಟಿತು. ದೊಡ್ಡ ಅಕ್ಕೋರು ಸೌಟು ಹಿಡಿದು ಪಾತ್ರೆಯ ತಳ ಹುಡುಕತೊಡಗಿದರು. ತಾಯಂದಿರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಎದುರುಮನೆಯಾಕೆ ಬರುವಾಗಲೇ ಕೈಯಲ್ಲಿ ಉಪ್ಪು, ಮೆಣಸಿನಕಾಯಿ ತಂದಿದ್ದಳು. ಯಾರೋ ಹಲ್ಲಿಯ ಬಾಲ ಸಿಕ್ಕಿತು ಎಂದರು. ನೋಡಿದರೆ ಅದು ನುಗ್ಗೆಕಾಯಿಯ ನಾರು.

"ಹಲ್ಲಿ ಅಲ್ಲ," ಎಂದೆ ನಾನು. "ಶೇಂಗಾ."

"ಏನು?"

"ಸಾರಿನ್ಯಾಗ ಶೇಂಗಾ ಪುಡಿ ಬಿದ್ದದ."

ಒಬ್ಬಾಕೆ ನೆಲಕ್ಕೇ ಕೂತು ನಕ್ಕಳು. ಇನ್ನೊಬ್ಬಾಕೆಗೆ ಸಿಟ್ಟು. "ಶೇಂಗಾಕ್ಕ ಇಷ್ಟು ಗದ್ದಲೇನು? ನನ್ನ ರೊಟ್ಟಿ ಹಂಚಿನ ಮ್ಯಾಲೆ ಸುಡ್ಲಿಕತ್ತದ."

ಅಡುಗೆಯಾಕೆಯ ಕಣ್ಣಲ್ಲಿ ನೀರು ಬಂತು. "ನಾ ಎಲ್ಲಿ ಹಾಕೀನಿ ಅತ್ತಿ? ದೇವರಾಣಿ ಹಾಕಿಲ್ಲ."

ಸುಳ್ಳಲ್ಲ, ಆಕೆ ನಿಜವಾಗಿಯೂ ಹಾಗೇ ತಿಳಿದಿದ್ದಳು. ಹಾಕಿದ್ದು ಆಕೆಯ ಕೈ. ಸರ್ಕಾರದ ಸಾರು ಸಪ್ಪೆ ಎಂದು ಮಕ್ಕಳ ಮೇಲಿನ ಮಮತೆಗೆ ಮನೆಯಿಂದ ಹಿಂಡಿ ತಂದು ಇಡುತ್ತಿದ್ದಳು. ಹುಡುಗಿಗೆ ಆಗಾಗ ಗಂಧೆ ಏಳುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಕಿಟಕಿಯ ಡಬ್ಬಿ ತೆಗೆದು ತೋರಿಸಿದರೆ, "ಅಯ್ಯ, ಇದೂ ಲೆಕ್ಕಕ್ಕ ಬರ್ತದೇನು? ಇದು ಸುಮ್ನ ರುಚಿಗೆ," ಎಂದಳು. ಅಲ್ಲಿ ನಿಂತಿದ್ದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಅವರ ಮನೆಯಲ್ಲೂ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ದೊಡ್ಡ ಅಕ್ಕೋರು ನಿಟ್ಟುಸಿರು ಬಿಟ್ಟು ನಡುವಿನಾಕೆಯ ಕಡೆ ನೋಡಿದರು. "ನಡಿ ಮಗಾ, ಆಫೀಸಿಗಿ."

"ಯಾಕ್ರಿ?" ಎಂದಳು ಆಕೆ. "ನಾ ಒಂದು ಹನಿ ಉಂಡಿಲ್ಲ. ಆಯಿ ಹಿಡದಾಳಲ್ಲ. ಹಿಡದ್ರ ಪಾಸ್ ಆದಂಗಲ್ಲೇನ್ರಿ?"

ಅಕ್ಕೋರು ಕನ್ನಡಕ ತೆಗೆದು ಒರೆಸಿದರು. "ನಾಳಿ ಒಂದು ದಿನ ನೋಡ್ತೀನಿ," ಎಂದರು.

ಸಂಜೆ ಮನೆಯಲ್ಲಿ ಪಲ್ಲೆ ಕುದಿಸುತ್ತಿದ್ದೆ. ಇಳಿಸುವ ಮೊದಲು ನನ್ನ ಕೈಯೂ ಡಬ್ಬಿಗೆ ಹೋಯಿತು. ಆಮೇಲೆ ನೋಡಿದರೆ ಕೈಗೆ ಬಂದದ್ದು ಅಗಸಿ. ನಾನು ಒಲೆಯ ಮುಂದೆಯೇ ನಕ್ಕೆ. ಕೈ ತನ್ನ ಹಾದಿಯಲ್ಲಿ ಹೋಗಲಿ, ಡಬ್ಬಿಯೊಳಗೆ ಬೇರೆಯದಿದ್ದರೆ ಸಾಕಲ್ಲ.

ಮರುದಿನ ಅಗಸಿ, ಪುಠಾಣಿ ಕಡಲೆ, ಬೆಳ್ಳುಳ್ಳಿ, ಖಾರ ಕುಟ್ಟಿ ಹಿಂಡಿ ಮಾಡಿಕೊಂಡು ಶಾಲೆಗೆ ಹೋದೆ. ಅಡುಗೆಯಾಕೆ ಮುಖ ಊದಿಸಿಕೊಂಡು ಕೂತಿದ್ದಳು. ಪಾತ್ರೆ, ಸೌಟು ಎಲ್ಲವನ್ನೂ ಇಬ್ಬರೂ ತಿಕ್ಕಿದೆವು. ಹಳೆಯ ಡಬ್ಬಿಯನ್ನು ತೆಗೆದು, ಅದೇ ಅಳತೆಯ ಹೊಸ ಡಬ್ಬಿಯನ್ನು ಅದೇ ಕಿಟಕಿಯಲ್ಲಿ ಇಟ್ಟೆ.

"ನನ್ನ ಹೆಸರು ಕೆಡ್ತದ ಅತ್ತಿ," ಎಂದಳು. "ಹುಡುಗ್ರು ಉಗುಳ್ತಾವ."

ಆದರೆ ಕೈ ಸುಮ್ಮನಿರಲಿಲ್ಲ. ಬೀಗರ ಮಾತು ಶುರುವಾಗುತ್ತಲೇ ಅದು ಕಿಟಕಿಗೆ ಹೋಗಿ ಬಂತು. ಪಂಗತಿಯಲ್ಲಿ ಯಾರೂ ಉಗುಳಲಿಲ್ಲ, ಎರಡನೇ ಸಲ ಸಾರು ಕೇಳಿದರು. ದೊಡ್ಡ ಅಕ್ಕೋರು ನಡುವಿನಾಕೆಯ ಎದುರೇ ಸ್ಟೂಲು ಹಾಕಿಕೊಂಡು, ಔಷಧಿ ಕಪಾಟಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಊಟ ಮುಗಿಯಿತು, ಏನೂ ಆಗಲಿಲ್ಲ. ಅಕ್ಕೋರು ಎದ್ದು ಹೋಗಿ ತಾವೂ ಉಂಡರು.

ಪಂಚಮಿ ಬಂತು. ಹಬ್ಬದ ಮರುದಿನ ಮಕ್ಕಳೆಲ್ಲ ಉಂಡಿ ತಂದು ಹಂಚಿ ತಿನ್ನುವುದು ನಮ್ಮ ಶಾಲೆಯ ರೂಢಿ. ಆ ವರ್ಷ ಹಲ್ಲಿಯ ಪುಣ್ಯದಿಂದ ಊರಿಗೆಲ್ಲ ವಿಷಯ ಗೊತ್ತಿತ್ತು. ಶೇಂಗಾ ಉಂಡಿ ಮನೆಯಲ್ಲೇ ಉಳಿದವು, ಶಾಲೆಗೆ ರವೆ ಉಂಡಿ, ಎಳ್ಳುಂಡಿ ಬಂದವು. ಎದುರುಮನೆಯಾಕೆ ತಾನೇ ಒಂದು ಎಳ್ಳುಂಡಿ ಹಿಡಿದು ಪಂಗತಿಗೆ ಬಂದಳು.

"ತಿನ್ನು ನನ್ನವ್ವ. ಶೇಂಗಾ ಸೋಕಿಸಿಲ್ಲ."

"ಯಾವ ಡಬ್ಬಿದಾಗ ಇಟ್ಟಿದ್ರಿ?" ಎಂದಳು ನಡುವಿನಾಕೆ.

"ಉಂಡಿ ಡಬ್ಬಿದಾಗ. ಮತ್ತೆಲ್ಲಿ ಇಡ್ತಾರ?"

"ಅದರಾಗ ಮೊದಲ ಏನಿತ್ತು?"

ಎದುರುಮನೆಯಾಕೆ ಉಂಡಿಯನ್ನು ಒಮ್ಮೆ ನೋಡಿ, ತನ್ನ ಬಾಯಿಗೇ ಹಾಕಿಕೊಂಡಳು. ಕೈ ತೊಳೆದುಕೊಂಡು ಬಂದು ನನ್ನ ಮಗ್ಗುಲಲ್ಲಿ ಕಟ್ಟೆಯ ಮೇಲೆ ಕೂತಳು.

"ನಿನ್ನ ಮೊಮ್ಮಗಳು ಪೊಲೀಸ್ ಆಗ್ತಾಳ ನೋಡು," ಎಂದಳು ಜಗಿಯುತ್ತಾ. "ಇನ್ನ ಆಕಿನ್ನ ಈ ಪಂಗತಿಯಿಂದ ಯಾರೂ ಎಬ್ಬಿಸಲ್ಲ."

ಆಗ ಅಡುಗೆಮನೆಯ ತೊಲೆಯ ಮೇಲೆ ಹಲ್ಲಿ ಲೊಚ್ ಲೊಚ್ ಎಂದಿತು. ಹಲ್ಲಿ ನುಡಿದರೆ ಆಡಿದ ಮಾತು ಖರೆಯಾಗುತ್ತದೆ ಎಂದು ಎದುರುಮನೆಯಾಕೆ ನೆಲ ಮುಟ್ಟಿ ನಮಸ್ಕರಿಸಿದಳು. ಅಡುಗೆಯಾಕೆ ಮಾತ್ರ ಮೇಲೆ ನೋಡಿದವಳೇ ಓಡಿ ಹೋಗಿ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಪಡಸಾಲೆಯಲ್ಲಿ ಮಕ್ಕಳೆಲ್ಲ ಕೂಡಿ ಸುರ್ ಎಂದು ಸಾರು ಎಳೆದರು. ಎಲ್ಲಕ್ಕಿಂತ ಜೋರಾಗಿ ಎಳೆದದ್ದು ಯಾರೆಂದು ನಾನು ಬೇರೆ ಹೇಳಬೇಕಿಲ್ಲ.